ಅಸಲಿ ಮೈ, ಎರವಲು ಕತೆ



ಸಿನಿಮಾದ ಬಗ್ಗೆ ಮಾತಾಡಬೇಕು, ಆದರೆ ಆಟದ ಮೈದಾನದ ಕಡೆಗೂ ಒಂದು ಕಣ್ಣಿರಬೇಕು ಎನ್ನುವುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಅಪೇಕ್ಷೆ. ನನ್ನ ವೃತ್ತಿಜೀವನವೆಲ್ಲ ಪಿ.ಟಿ. ಮೇಷ್ಟ್ರಾಗಿ ಕಳೆದಿದೆ. ಹಾಗಾಗಿ ಸಿನಿಮಾ ನೋಡುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ನಟರ ಮುಖದ ಕಡೆಗಲ್ಲ, ಕಾಲಿನ ಕಡೆಗೆ. ಓಡುವವನು ನಿಜವಾಗಿ ಓಡುತ್ತಿದ್ದಾನೋ, ಓಡುವ ಹಾಗೆ ಮಾಡುತ್ತಿದ್ದಾನೋ ಎಂಬುದು ನಾಲ್ಕು ಹೆಜ್ಜೆಯಲ್ಲೇ ಗೊತ್ತಾಗಿಬಿಡುತ್ತದೆ. ಇವತ್ತು ನಾನು ಆರಿಸಿಕೊಂಡಿರುವ ಸಿನಿಮಾ 1941ರಲ್ಲಿ ಹಾಲಿವುಡ್‌ನಲ್ಲಿ ತಯಾರಾದ ‘ಸನ್ ವ್ಯಾಲಿ ಸೆರೆನೇಡ್’. ನಗುವೂ ಪ್ರೇಮವೂ ಬೆರೆತ ಹಗುರ ಕತೆ. ನಾಯಕಿ ಸೋನಿಯಾ ಹೆನಿ. ಆಕೆ ಒಲಿಂಪಿಕ್ಸ್‌ನಲ್ಲಿ ಮೂರು ಸಲ ಚಿನ್ನ ಗೆದ್ದ ಐಸ್ ಸ್ಕೇಟಿಂಗ್ ಪಟು.

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ತಪ್ಪಲಲ್ಲಿ ಕೂತು ಅಮೆರಿಕದ ಹಿಮದೂರಿನ ಸಿನಿಮಾ ಯಾಕೆ ಎಂದು ನೀವು ಕೇಳಬಹುದು. ನಮ್ಮ ಬೆಟ್ಟದ ಮೇಲೆ ಗಾಳಿ ಬೀಸುತ್ತದೆ, ಮಳೆಗಾಲದ ಬೆಳಗ್ಗೆ ಮೋಡ ಇಳಿದು ಹತ್ತು ಮಾರು ಆಚೆಗಿನ ಮರ ಕಾಣುವುದಿಲ್ಲ. ಹಿಮ ಮಾತ್ರ ಇಲ್ಲ. ಸ್ಕೇಟಿಂಗ್ ನಮ್ಮ ಆಟವೂ ಅಲ್ಲ. ಆದರೆ ನುರಿತ ಮೈಯೊಂದು ಕಣ್ಣೆದುರಿಗೆ ಅಸಾಧ್ಯವಾದದ್ದನ್ನು ಮಾಡುವಾಗ ಉಸಿರು ಬಿಗಿಹಿಡಿದು ನೋಡುವುದು ಈ ಊರಿಗೆ ಚೆನ್ನಾಗಿ ಗೊತ್ತಿದೆ. ಕೋಟೆಯ ಗೋಡೆಯ ಕೆಳಗೆ ನಿಂತು ಮೇಲೆ ನೋಡಿದವರು ನೀವು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಹೆನಿ. ಹುಟ್ಟಿದ್ದು 1912ರ ಏಪ್ರಿಲ್ 8ರಂದು, ಇವತ್ತು ಓಸ್ಲೋ ಎಂದು ಕರೆಯುವ ನಾರ್ವೆಯ ರಾಜಧಾನಿಯಲ್ಲಿ. ತಂದೆ ವಿಲ್ಹೆಲ್ಮ್ ತುಪ್ಪುಳು ಚರ್ಮದ ವ್ಯಾಪಾರಿ, ತರುಣನಾಗಿದ್ದಾಗ ಸೈಕಲ್ ಪಂದ್ಯದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಮನೆಯಲ್ಲಿ ದುಡ್ಡಿತ್ತು, ಆಟದ ಹುಚ್ಚೂ ಇತ್ತು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಹನ್ನೊಂದು ವರ್ಷದ ಈ ಹುಡುಗಿ ಮಹಿಳೆಯರ ಸ್ಪರ್ಧೆಗೆ ಇಳಿದಳು. ಇದ್ದವರು ಎಂಟು ಮಂದಿ, ಈಕೆಗೆ ಎಂಟನೆಯ ಸ್ಥಾನ. ನಾಲ್ಕು ವರ್ಷದ ನಂತರ, 1928ರಲ್ಲಿ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಚಿನ್ನ. 1932ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಮತ್ತೆ ಚಿನ್ನ, 1936ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಮೂರನೆಯದು. 1927ರಿಂದ 1936ರವರೆಗೆ ಸತತವಾಗಿ ಹತ್ತು ವರ್ಷ ವಿಶ್ವ ಚಾಂಪಿಯನ್. ಮೊದಲ ವಿಶ್ವ ಪ್ರಶಸ್ತಿ ಬಂದದ್ದು ತವರಿನಲ್ಲೇ. ಐದು ಜನ ತೀರ್ಪುಗಾರರಲ್ಲಿ ಮೂವರು ನಾರ್ವೆಯವರು, ಅದಕ್ಕಾಗಿ ಗಲಾಟೆಯೂ ಆಯಿತು. ಆಮೇಲಿನ ಒಂಬತ್ತು ಪ್ರಶಸ್ತಿಗಳ ಮುಂದೆ ಆ ಗಲಾಟೆ ನಿಲ್ಲುವುದಿಲ್ಲ ಎಂದು ನನ್ನ ಅಭಿಪ್ರಾಯ.

ಪದಕಗಳಿಗಿಂತ ಹೆಚ್ಚಾಗಿ ಆಕೆ ಆಟದ ರೀತಿಯನ್ನೇ ಬದಲಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿಯವರೆಗೆ ಹೆಂಗಸರು ಉದ್ದ ಲಂಗ, ಕಪ್ಪು ಬೂಟು ತೊಟ್ಟು ಸ್ಕೇಟ್ ಮಾಡುತ್ತಿದ್ದರು. ಚಿಕ್ಕ ಹುಡುಗಿಯಾಗಿದ್ದರಿಂದ ಹೆನಿ ಮೊಣಕಾಲಿನವರೆಗಿನ ಲಂಗ ತೊಟ್ಟು ಬಂದಳು. ಯಾರೂ ಆಕ್ಷೇಪಿಸಲಿಲ್ಲ. ಬೆಳೆದ ಮೇಲೂ ಅದನ್ನೇ ಉಳಿಸಿಕೊಂಡಳು. ಕಾಲು ಬಿಡುವಾದ ಕೂಡಲೇ ಜಿಗಿತ ಬಂತು, ಗಿರಕಿ ಬಂತು. ಬಿಳಿ ಬೂಟು ತೊಟ್ಟದ್ದರಿಂದ ಮಂಜುಗಡ್ಡೆಗೂ ಕಾಲಿಗೂ ನಡುವಿನ ಗೆರೆ ಅಳಿಸಿಹೋಯಿತು. ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಆಕೆಯ ಆರಾಧ್ಯದೈವ. ಬಿಡಿ ಬಿಡಿ ಪಟ್ಟುಗಳ ಪ್ರದರ್ಶನವಾಗಿದ್ದ ಆಟವನ್ನು ಸಂಗೀತಕ್ಕೆ ಹೊಂದಿಸಿ, ಆರಂಭವೂ ಅಂತ್ಯವೂ ಇರುವ ನೃತ್ಯವಾಗಿ ಕಟ್ಟಿದವರಲ್ಲಿ ಆಕೆ ಮುಂಚೂಣಿಯಲ್ಲಿದ್ದಳು.

ಈ ಆಟ ಗೊತ್ತಿಲ್ಲದವರಿಗಾಗಿ ಸ್ಕೇಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೂಟಿನ ತಳಕ್ಕೆ ಕೂರಿಸಿದ ಉಕ್ಕಿನ ಪಟ್ಟಿಯ ದಪ್ಪ ಸುಮಾರು 4 ಮಿಲಿಮೀಟರ್. ಅದು ಚಾಕುವಿನ ಹಾಗೆ ಒಂದೇ ಅಲಗಿನದಲ್ಲ. ತಳದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ತೋಡಿನ ಎರಡೂ ಬದಿಗೆ ಒಂದೊಂದು ಅಲಗು: ಒಳಗಿನದು, ಹೊರಗಿನದು. ಮುಂತುದಿಯಲ್ಲಿ ಗರಗಸದಂಥ ಹಲ್ಲುಗಳು. ನಿಪುಣರು ನೆಟ್ಟಗೆ ನಿಂತು ಜಾರುವುದೇ ಇಲ್ಲ. ಮೈಯನ್ನು ಒಂದು ಕಡೆಗೆ ವಾಲಿಸಿ ಒಂದೇ ಅಲಗಿನ ಮೇಲೆ ಸಾಗುತ್ತಾರೆ. ಹಾಗಾಗಿ ಮಂಜುಗಡ್ಡೆಯ ಮೇಲೆ ಮೂಡುವ ಗೆರೆ ಯಾವಾಗಲೂ ಬಾಗಿರುತ್ತದೆ. ಗಿರಕಿ ಹೊಡೆಯುವಾಗ ಚಾಚಿದ ತೋಳುಗಳನ್ನು ಎದೆಗೆ ಎಳೆದುಕೊಂಡರೆ ವೇಗ ತಾನಾಗಿ ಏರುತ್ತದೆ. ತಿರುಗುವ ಮೈ ತನ್ನ ಅಗಲವನ್ನು ಕಳೆದುಕೊಂಡಷ್ಟೂ ಜೋರಾಗಿ ತಿರುಗಲೇಬೇಕು, ಅದು ಭೌತಶಾಸ್ತ್ರದ ನಿಯಮ. ಆದರೆ ಆ ವೇಗದಲ್ಲಿ ಸೊಂಟ ಒಂದು ಬೆರಳು ಅತ್ತಿತ್ತ ಆದರೂ ಬೀಳುವುದು ಖಂಡಿತ. ಸ್ಪರ್ಧೆಯಲ್ಲಿ ಇನ್ನೊಂದು ಕಷ್ಟವಿತ್ತು. ಎಂಟರ ಆಕಾರವನ್ನು ಒಂಟಿ ಕಾಲಿನ ಮೇಲೆ ಜಾರುತ್ತ ಬಿಡಿಸಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗಬೇಕು. ತೀರ್ಪುಗಾರರು ಬಗ್ಗಿ ಗೆರೆ ನೋಡಿ ಅಂಕ ಕೊಡುತ್ತಿದ್ದರು. ಆ ಕಾಲಕ್ಕೆ ಒಟ್ಟು ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇದಕ್ಕೇ ಇತ್ತು. ನೋಡುವವರಿಗೆ ಬೇಸರದ ಈ ಕಸರತ್ತಿನಲ್ಲಿ ವರ್ಷಗಟ್ಟಲೆ ಬೆಳಗಿನ ಚಳಿಯಲ್ಲಿ ಪಳಗಿದ ಕಾಲು ಹೆನಿಯದು ಎಂಬುದನ್ನು ಸಿನಿಮಾ ನೋಡುವಾಗ ಮರೆಯಬಾರದು.

1936ರಲ್ಲಿ ಆಕೆ ಸ್ಪರ್ಧೆಗಳಿಗೆ ವಿದಾಯ ಹೇಳಿ ವೃತ್ತಿಪರರಾದರು. ಹಾಲಿವುಡ್ ಕರೆಯಲಿ ಎಂದು ಕಾಯುತ್ತ ಕೂರಲಿಲ್ಲ. ಅಲ್ಲಿನ ಐಸ್ ರಿಂಕನ್ನೇ ಬಾಡಿಗೆಗೆ ಹಿಡಿದು ಪ್ರದರ್ಶನ ಏರ್ಪಡಿಸಿದರು, ಸಿನಿಮಾದವರು ಟಿಕೆಟ್ ಕೊಂಡು ಬಂದು ನೋಡುವಂತೆ ಮಾಡಿದರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಡ್ಯಾರಿಲ್ ಜಾನಕ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಆ ವರ್ಷದ ಕೊನೆಗೇ ಮೊದಲ ಚಿತ್ರ ‘ಒನ್ ಇನ್ ಎ ಮಿಲಿಯನ್’ ಬಂತು. ಮರುವರ್ಷ ಟೈರೋನ್ ಪವರ್ ಜೊತೆ ‘ಥಿನ್ ಐಸ್’. 1938ರ ಹೊತ್ತಿಗೆ ಅಮೆರಿಕದ ಚಿತ್ರಮಂದಿರದ ಮಾಲೀಕರು ಹೆಚ್ಚು ಗಳಿಕೆ ತರುವ ತಾರೆಯರ ಪಟ್ಟಿ ಮಾಡಿದಾಗ ಶೆರ್ಲಿ ಟೆಂಪಲ್, ಕ್ಲಾರ್ಕ್ ಗೇಬಲ್ ಇಬ್ಬರ ನಂತರ ಮೂರನೆಯ ಹೆಸರು ಹೆನಿಯದು. ಇಂಗ್ಲಿಷ್ ಉಚ್ಚಾರಣೆ ನಾರ್ವೆಯದು, ನಟನೆ ಸಾಧಾರಣ. ಆದರೂ ಜನ ಸಾಲುಗಟ್ಟಿ ನಿಂತರು.

ಫಾಕ್ಸ್‌ನವರು ಆಕೆಗೆ ಪ್ರೇಮದ ಹಾಸ್ಯಕತೆಗಳನ್ನೇ ಆರಿಸಿದ್ದು ಬುದ್ಧಿವಂತಿಕೆಯ ಕೆಲಸ. ಗೋಳಿನ ಕತೆಯಾದರೆ ಕ್ಯಾಮೆರಾ ಮುಖದ ಹತ್ತಿರ ಹೋಗಿ ನಿಂತುಬಿಡುತ್ತದೆ, ಕಣ್ಣಲ್ಲಿ ನೀರು ಕೇಳುತ್ತದೆ. ಹಾಸ್ಯಕತೆಗೆ ಅಷ್ಟೊಂದು ಬೇಡ. ಚೂಟಿ ಹುಡುಗಿ, ಪೆದ್ದು ಪೆದ್ದಾದ ಹುಡುಗ, ನಡುವೆ ಒಂದು ತಪ್ಪು ತಿಳಿವಳಿಕೆ, ನಾಲ್ಕು ಹಾಡು. ಮದುವೆಮನೆಯ ಚಪ್ಪರದಂಥ ಕತೆ ಅದು. ಎದ್ದು ನಿಲ್ಲುವಷ್ಟು ಗಟ್ಟಿಯಿದ್ದರೆ ಸಾಕು, ಜನ ಬಂದಿರುವುದು ಚಪ್ಪರ ನೋಡುವುದಕ್ಕಲ್ಲ.

‘ಸನ್ ವ್ಯಾಲಿ ಸೆರೆನೇಡ್’ ಕತೆ ಹೀಗಿದೆ. ವಾದ್ಯಗೋಷ್ಠಿಯೊಂದು ಪ್ರಚಾರಕ್ಕಾಗಿ ಯುದ್ಧದಲ್ಲಿ ನಿರಾಶ್ರಿತವಾದ ಮಗುವೊಂದನ್ನು ಸಾಕುವುದಾಗಿ ಒಪ್ಪಿಕೊಂಡಿರುತ್ತದೆ. ಹಡಗಿನಿಂದ ಇಳಿಯುವುದು ಮಗುವಲ್ಲ, ನಾರ್ವೆಯ ಕ್ಯಾರೆನ್ ಎಂಬ ಯುವತಿ. ಗೋಷ್ಠಿಯ ಪಿಯಾನೋ ವಾದಕ ಟೆಡ್‌ನನ್ನು ನೋಡಿದ ಕ್ಷಣವೇ ಇವನನ್ನೇ ಮದುವೆಯಾಗುತ್ತೇನೆ ಎಂದು ತೀರ್ಮಾನಿಸುತ್ತಾಳೆ. ಅವನಿಗೆ ಆಗಲೇ ಗಾಯಕಿಯೊಬ್ಬಳ ಜೊತೆ ಸಲಿಗೆ. ಎಲ್ಲರೂ ಸನ್ ವ್ಯಾಲಿಗೆ ಕಾರ್ಯಕ್ರಮಕ್ಕೆ ಹೊರಟರೆ ಈಕೆಯೂ ಕದ್ದು ಹಿಂಬಾಲಿಸುತ್ತಾಳೆ. ಗಾಯಕಿ ಸಿಟ್ಟಾಗಿ ಹೊರಟುಹೋದಾಗ ಕಾರ್ಯಕ್ರಮ ಉಳಿಸಲು ಕ್ಯಾರೆನ್ ಮಂಜುಗಡ್ಡೆಯ ಮೇಲೆ ಇಳಿಯುತ್ತಾಳೆ. ಮುಂದಿನದು ನೀವೇ ಊಹಿಸಿ. ಟೆಡ್ ಪಾತ್ರದಲ್ಲಿ ಜಾನ್ ಪೇನ್, ಗಾಯಕಿಯಾಗಿ ಲಿನ್ ಬಾರಿ, ನಿರ್ದೇಶನ ಎಚ್. ಬ್ರೂಸ್ ಹಂಬರ್‌ಸ್ಟೋನ್. ಸನ್ ವ್ಯಾಲಿ ನಿಜವಾದ ಊರು, ಐಡಾಹೊ ರಾಜ್ಯದ ಬೆಟ್ಟಗಳ ನಡುವೆ ಇದೆ. ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಚಳಿಗಾಲದಲ್ಲೂ ತನ್ನ ರೈಲಿಗೆ ಪ್ರಯಾಣಿಕರು ಬರಲಿ ಎಂದು 1936ರಲ್ಲಿ ಕಟ್ಟಿಸಿದ ವಿಹಾರಧಾಮ. ಹಿಮದ ಇಳಿಜಾರಿನ ತುದಿಗೆ ಜನರನ್ನು ಕೂರಿಸಿ ಎಳೆದೊಯ್ಯುವ ತೂಗು ಕುರ್ಚಿಗಳು ಜಗತ್ತಿನಲ್ಲಿ ಮೊದಲು ಬಂದದ್ದು ಅಲ್ಲೇ. ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರವನ್ನು ನೋಡಿದ್ದ ಎಂಜಿನಿಯರ್ ಒಬ್ಬರು ಅದೇ ಉಪಾಯವನ್ನು ಮನುಷ್ಯರಿಗೆ ಹೊಂದಿಸಿದರು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಈ ಚಿತ್ರದಲ್ಲಿ ಏನೇನು ಎರವಲು, ಏನು ಅಸಲಿ ಎಂದು ಒಂದೊಂದಾಗಿ ನೋಡಿ.

ಗಾಯಕಿಯ ಪಾತ್ರ ಮಾಡಿದ ಲಿನ್ ಬಾರಿ ಹಾಡಿಲ್ಲ. ತೆರೆಯ ಹಿಂದೆ ಹಾಡಿದವರು ಪ್ಯಾಟ್ ಫ್ರೈಡೆ. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದೇನೂ ವಿಶೇಷವಲ್ಲ. ಆದರೆ ನಮ್ಮಲ್ಲಿ ಎಸ್. ಜಾನಕಿ, ಪಿ. ಸುಶೀಲಾ ಅವರ ಹೆಸರು ತೆರೆಯ ಮೇಲೇ ಬರುತ್ತಿತ್ತು. ಅಲ್ಲಿ ಆ ಮರ್ಯಾದೆ ಇರಲಿಲ್ಲ. ಇನ್ನು ಹಿಮದ ಇಳಿಜಾರಿನಲ್ಲಿ ನಾಯಕಿ ಸ್ಕೀ ಮೇಲೆ ರಭಸದಿಂದ ಇಳಿಯುವ ದೃಶ್ಯಗಳಿವೆ. ಅಲ್ಲಿ ಇರುವವರು ಹೆನಿಯಲ್ಲ, ಗ್ರೆಚೆನ್ ಫ್ರೇಸರ್ ಎಂಬ ಅಮೆರಿಕದ ತರುಣಿ. ‘ಥಿನ್ ಐಸ್’ನಲ್ಲೂ ಹೆನಿಗೆ ಬದಲಿಯಾಗಿ ಸ್ಕೀ ಮಾಡಿದ್ದು ಈಕೆಯೇ. ನೋಡುಗರಿಗೆ ಆಕೆಯ ಮುಖ ಕಾಣದು. ಯುದ್ಧ ಮುಗಿದ ಮೇಲೆ, 1948ರ ಚಳಿಗಾಲದ ಒಲಿಂಪಿಕ್ಸ್ ಸೇಂಟ್ ಮೊರಿಟ್ಜ್‌ನಲ್ಲಿ ನಡೆಯಿತು. ಇಪ್ಪತ್ತು ವರ್ಷ ಹಿಂದೆ ಹೆನಿ ತನ್ನ ಮೊದಲ ಚಿನ್ನ ಗೆದ್ದ ಅದೇ ಊರು. ಅಲ್ಲಿ ಅಂಕುಡೊಂಕಾಗಿ ಸ್ಕೀ ಮಾಡುತ್ತ ಇಳಿಯುವ ಸ್ಲಾಲಮ್ ಸ್ಪರ್ಧೆಯಲ್ಲಿ ಗ್ರೆಚೆನ್ ಫ್ರೇಸರ್ ಚಿನ್ನ ಗೆದ್ದರು. ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅಮೆರಿಕನ್ ಆಕೆ. ಒಬ್ಬ ಚಾಂಪಿಯನ್ನಿನ ಮುಖದ ಹಿಂದೆ ಇನ್ನೊಬ್ಬ ಚಾಂಪಿಯನ್ನಿನ ಕಾಲು! ಸಿನಿಮಾ ಚರಿತ್ರೆಯಲ್ಲಿ ನನ್ನನ್ನು ಇಷ್ಟೊಂದು ಕಾಡಿದ ಸಂಗತಿ ಬೇರೊಂದಿಲ್ಲ. ನಾನು ಮಕ್ಕಳಿಗೆ ಆಟ ಕಲಿಸಿದವನು. ಹೆಸರಿಲ್ಲದೆ ಇಳಿಜಾರಿನಲ್ಲಿ ಇಳಿದ ಆ ತರುಣಿಯ ಬಗ್ಗೆ ನನಗೆ ಹೆನಿಯ ಮೇಲಿರುವಷ್ಟೇ ಗೌರವವಿದೆ.

ಎರವಲಲ್ಲದ್ದು ಮೂರು. ಮೊದಲನೆಯದು ಕತೆಯ ವಾದ್ಯಗೋಷ್ಠಿಯಾಗಿ ಕಾಣಿಸಿಕೊಂಡ ಗ್ಲೆನ್ ಮಿಲ್ಲರ್ ಅವರ ವಾದ್ಯಗೋಷ್ಠಿ. ಆ ಕಾಲದ ಅಮೆರಿಕದಲ್ಲಿ ಅತಿ ಜನಪ್ರಿಯ ತಂಡ. ಚಿತ್ರದ ‘ಚಾಟನೂಗ ಚೂ ಚೂ’ ಹಾಡಿನ ಗ್ರಾಮಫೋನ್ ತಟ್ಟೆ 12 ಲಕ್ಷ ಮಾರಾಟವಾಗಿ, 1942ರ ಫೆಬ್ರುವರಿಯಲ್ಲಿ ಕಂಪನಿಯವರು ಮಿಲ್ಲರ್‌ಗೆ ಚಿನ್ನದ ಬಣ್ಣ ಬಳಿದ ತಟ್ಟೆ ಕೊಟ್ಟರು. ‘ಗೋಲ್ಡ್ ರೆಕಾರ್ಡ್’ ಎಂಬ ಪದ್ಧತಿ ಶುರುವಾದದ್ದು ಆಗಲೇ. ಮಿಲ್ಲರ್ ಆಮೇಲೆ ಸೈನ್ಯ ಸೇರಿದರು. 1944ರ ಡಿಸೆಂಬರಿನಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಹಾರುತ್ತಿದ್ದ ಅವರ ವಿಮಾನ ಕಣ್ಮರೆಯಾಯಿತು.

ಎರಡನೆಯದು ಆ ಹಾಡಿಗೆ ಕುಣಿದ ನಿಕೊಲಸ್ ಸಹೋದರರು, ಫೇಯಾರ್ಡ್ ಮತ್ತು ಹೆರಾಲ್ಡ್, ಅವರ ಜೊತೆ ಡೊರೊತಿ ಡ್ಯಾಂಡ್ರಿಜ್. ಮೂವರೂ ಕಪ್ಪು ಜನಾಂಗದ ಕಲಾವಿದರು. ಅವರ ನೃತ್ಯ ಮುಖ್ಯ ಕತೆಗೆ ಅಂಟಿಕೊಂಡೇ ಇಲ್ಲ. ತೆಗೆದುಹಾಕಿದರೆ ಕತೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಕಪ್ಪು ಕಲಾವಿದರಿದ್ದ ಭಾಗವನ್ನು ಕತ್ತರಿಸಿ ಸಿನಿಮಾ ತೋರಿಸುವ ರೂಢಿಯಿತ್ತು. ಹಾಲಿವುಡ್‌ನವರು ಆ ಕತ್ತರಿಗೆ ಅನುಕೂಲವಾಗುವಂತೆಯೇ ಅವರ ನೃತ್ಯಗಳನ್ನು ಬೇರೆಯಾಗಿ ಇಡುತ್ತಿದ್ದರು. ಇಡೀ ಚಿತ್ರದಲ್ಲಿ ಹೆನಿಗೆ ಸರಿಸಮನಾಗಿ ನಿಲ್ಲುವ ಮೈಗಳು ಅವರದೇ. ಆದರೆ ಅವರಿಗೆ ಸಿಕ್ಕ ಜಾಗ ಇಷ್ಟೇ. ಪಂಕ್ತಿಭೇದ ಏನೆಂದು ಗೊತ್ತಿರುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಹೆನಿಯ ಸ್ಕೇಟಿಂಗ್. ಚಿತ್ರದ ಕೊನೆಯಲ್ಲಿ ದೊಡ್ಡ ರಿಂಕ್, ಅದರ ಮಂಜುಗಡ್ಡೆಗೆ ಕಪ್ಪು ಬಣ್ಣ ಕೊಟ್ಟಿದ್ದಾರೆ. ಕಪ್ಪು ಬಿಳುಪು ಚಿತ್ರದಲ್ಲಿ ಬಿಳಿ ಮಂಜುಗಡ್ಡೆ, ಬಿಳಿ ಉಡುಪು, ಬಿಳಿ ಬೂಟು ಎಲ್ಲ ಒಂದಾಗಿ ಕಲಸಿಹೋಗುವ ಅಪಾಯವಿತ್ತು. ಕಪ್ಪು ಮಾಡಿದ ಕೂಡಲೇ ನೆಲ ಕನ್ನಡಿಯಾಯಿತು. ಮೇಲೆ ಒಬ್ಬ ಹೆನಿ, ಕೆಳಗೆ ತಲೆಕೆಳಗಾದ ಇನ್ನೊಬ್ಬ ಹೆನಿ, ಇಬ್ಬರ ಪಾದಗಳೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಛಾಯಾಗ್ರಾಹಕ ಎಡ್ವರ್ಡ್ ಕ್ರಾನ್‌ಜೇಗರ್. ಅವರ ಕೆಲಸ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಇಲ್ಲಿ ಕ್ಯಾಮೆರಾ ಹಿಂದೆ ಸರಿದು ನಿಲ್ಲುತ್ತದೆ. ಅಡಿಯಿಂದ ಮುಡಿಯವರೆಗೆ ಮೈ ಪೂರ್ತಿ ಕಾಣುವಷ್ಟು ದೂರ. ಬೂಟನ್ನು ಒಂದು ತುಣುಕಿನಲ್ಲಿ, ಮುಖವನ್ನು ಇನ್ನೊಂದು ತುಣುಕಿನಲ್ಲಿ ತೋರಿಸಿ ಅಂಟಿಸಿದರೆ ಯಾರನ್ನು ಬೇಕಾದರೂ ಚಾಂಪಿಯನ್ ಮಾಡಬಹುದು. ಮುಖವೂ ಕಾಲೂ ಒಂದೇ ಚೌಕಟ್ಟಿನಲ್ಲಿ, ಕತ್ತರಿ ಹಾಕದೆ ಉದ್ದಕ್ಕೆ ತೋರಿಸುವುದು ಆ ಮೈಗೆ ಕ್ಯಾಮೆರಾ ಕೊಡುವ ಸಾಕ್ಷ್ಯ. ನೃತ್ಯಗಾರ ಫ್ರೆಡ್ ಅಸ್ಟೇರ್ ತನ್ನ ಚಿತ್ರಗಳಲ್ಲಿ ಇದನ್ನೇ ಹಟ ಹಿಡಿದು ಸಾಧಿಸಿಕೊಂಡಿದ್ದರು.

ಹೀಗೆ ನೋಡಿದರೆ ಕತೆ ಹಳತಾಗಿದೆ, ನಗೆಮಾತುಗಳು ಸವೆದಿವೆ. ಆದರೆ ಸ್ಪರ್ಧೆಯಿಂದ ನಿವೃತ್ತಳಾಗಿ ಐದು ವರ್ಷವಷ್ಟೇ ಆಗಿದ್ದ ಚಾಂಪಿಯನ್ನಿನ ಸ್ಕೇಟಿಂಗ್ ಮಾತ್ರ ಹೊಸದಾಗಿಯೇ ಇದೆ. ಅದು ನಟನೆಯಲ್ಲ, ದಾಖಲೆ. ಸ್ಪರ್ಧೆಯ ದಿನ ಹಿಡಿದ ಸುದ್ದಿಚಿತ್ರಗಳು ತುಂಡು ತುಂಡಾಗಿವೆ, ಮಸುಕಾಗಿವೆ. ಈ ಹಗುರ ಪ್ರೇಮಕತೆಯ ದೆಸೆಯಿಂದಲೇ ಆಕೆಯ ಕಾಲು ಏನು ಮಾಡಬಲ್ಲದಾಗಿತ್ತು ಎಂಬುದು ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಫಿಲ್ಮಿನ ಮೇಲೆ ಉಳಿಯಿತು.

ಈ ಮೆಚ್ಚುಗೆಯ ಜೊತೆಗೇ ಕಹಿ ಸಂಗತಿಯನ್ನೂ ಹೇಳಬೇಕು. 1936ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಹೆನಿ ಹಿಟ್ಲರನಿಗೆ ನಾಜಿ ರೀತಿಯಲ್ಲಿ ಕೈ ಎತ್ತಿ ವಂದಿಸಿದರು. ನಾರ್ವೆಯ ಪತ್ರಿಕೆಗಳು ಛೀಮಾರಿ ಹಾಕಿದವು. ಆದರೂ ಒಲಿಂಪಿಕ್ಸ್ ಮುಗಿದ ಮೇಲೆ ಆತನ ಬೆಟ್ಟದ ಮನೆಗೆ ಊಟಕ್ಕೆ ಹೋದರು, ಸಹಿ ಹಾಕಿದ ಭಾವಚಿತ್ರ ಪಡೆದರು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿಕೊಂಡಾಗ ಆ ಭಾವಚಿತ್ರವನ್ನು ಓಸ್ಲೋದ ಮನೆಯಲ್ಲಿ ಎದುರಿಗೇ ಇಡಲಾಯಿತು, ಆಸ್ತಿ ಉಳಿಯಿತು. ಅದೇ ಹೊತ್ತಿಗೆ ತೆರೆಯ ಮೇಲೆ ಆಕೆ ನಾರ್ವೆಯ ನಿರಾಶ್ರಿತ ಹುಡುಗಿ. ನಿಜವಾದ ನಿರಾಶ್ರಿತರು ಹಿಮದಲ್ಲಿ ಗಡಿ ದಾಟಿ ಸ್ವೀಡನ್ನಿಗೆ ನಡೆದುಹೋಗುತ್ತಿದ್ದ ಕಾಲವದು. ಆಟಗಾರರಿಗೆ ರಾಜಕೀಯ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಕೆಯ ದೇಶದವರು ವರ್ಷಗಟ್ಟಲೆ ಇದನ್ನು ಮರೆಯಲಿಲ್ಲ, ಮರೆಯಬೇಕಾಗಿಯೂ ಇರಲಿಲ್ಲ. ಆಮೇಲೆ 1968ರಲ್ಲಿ ಗಂಡ ನೀಲ್ಸ್ ಓನ್‌ಸ್ಟಾಡ್ ಜೊತೆ ಸೇರಿ ಓಸ್ಲೋ ಬಳಿ ಆಧುನಿಕ ಕಲೆಯ ದೊಡ್ಡ ಸಂಗ್ರಹಾಲಯವೊಂದನ್ನು ನಾಡಿಗೆ ಕೊಟ್ಟರು. ಮರುವರ್ಷ ಅಕ್ಟೋಬರಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ಪ್ಯಾರಿಸ್ಸಿನಿಂದ ತವರಿಗೆ ಬರುತ್ತಿದ್ದ ವಿಮಾನದಲ್ಲೇ ತೀರಿಕೊಂಡರು.

ಇನ್ನು ನಮ್ಮ ಬೆಟ್ಟಕ್ಕೆ ಬರೋಣ.

ಚಿತ್ರದುರ್ಗದಲ್ಲಿ ಸಿನಿಮಾ ಎಂದರೆ ಮೊದಲು ಬಾಯಿಗೆ ಬರುವುದು 1972ರ ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲರ ನಿರ್ದೇಶನ, ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ. ಅದರಲ್ಲಿ ವಿಷ್ಣುವರ್ಧನ್, ಆರತಿ ಕೋಟೆಯ ಬಂಡೆಗಳ ನಡುವೆ ಓಡಾಡುವ ಹಾಡೊಂದಿದೆ. ಇಡೀ ಹಾಡನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದಾರೆ, ಛಾಯಾಗ್ರಾಹಕ ಚಿಟ್ಟಿಬಾಬು. ಇಬ್ಬರೂ ಕಲ್ಲಿನ ಮೇಲೆ ತೇಲಿದ ಹಾಗೆ ಕಾಣುತ್ತದೆ. ನಾನು ಇದನ್ನು ಹೆನಿಯ ಕಪ್ಪು ಮಂಜುಗಡ್ಡೆಯ ಪಕ್ಕ ಇಟ್ಟು ನೋಡುತ್ತೇನೆ. ಅಲ್ಲಿ ಕ್ಯಾಮೆರಾ ಸಹಜ ವೇಗದಲ್ಲಿದೆ, ತೇಲುವುದು ಮೈ. ಇಲ್ಲಿ ಮೈ ಸಹಜವಾಗಿ ಓಡುತ್ತಿದೆ, ತೇಲಿಸುವುದು ಕ್ಯಾಮೆರಾ. ಪುಟ್ಟಣ್ಣನವರಿಗೆ ಬೇಕಾದದ್ದು ಪ್ರೇಮದ ಅಮಲು, ಅದು ಪೂರ್ತಿ ಸಿಕ್ಕಿದೆ. ಆ ಹಾಡು ನನಗೆ ಪ್ರಾಣ. ಎರಡೂ ಸಿನಿಮಾದ ದೊಡ್ಡ ಶಕ್ತಿಗಳೇ. ಆದರೆ ನಮ್ಮ ಚಿತ್ರರಂಗ ಕ್ಯಾಮೆರಾದ ಚಮತ್ಕಾರಕ್ಕೆ ಒಲಿದಷ್ಟು ಪಳಗಿದ ಮೈಯನ್ನು ಇದ್ದ ಹಾಗೆ ನೋಡುವ ತಾಳ್ಮೆಗೆ ಒಲಿಯಲಿಲ್ಲ.

ಆ ತಾಳ್ಮೆ ತೋರಿಸಿದ ಚಿತ್ರಗಳು ಇಲ್ಲವೆಂದಲ್ಲ. 1983ರ ‘ಕಾಮನಬಿಲ್ಲು’ ನೆನಪಿಸಿಕೊಳ್ಳಿ. ನಿರ್ದೇಶನ ಚಿ. ದತ್ತರಾಜ್. ಅದರಲ್ಲಿ ಡಾ. ರಾಜ್‌ಕುಮಾರ್ ಯೋಗಾಸನ ಮಾಡುತ್ತಾರೆ. ಆಗ ಅವರಿಗೆ ಐವತ್ತು ದಾಟಿತ್ತು. ಬದಲಿ ನಟನಿಲ್ಲ, ಉಪಾಯವಿಲ್ಲ. ಅವರು ವರ್ಷಗಟ್ಟಲೆ ಗುರುಮುಖೇನ ಕಲಿತು ಮೈಗೂಡಿಸಿಕೊಂಡ ವಿದ್ಯೆ. ಆ ದೃಶ್ಯಗಳನ್ನು ನೋಡಿ ಯೋಗ ಕಲಿಯಲು ಹೊರಟ ಹುಡುಗರನ್ನು ನಾನೇ ಕಂಡಿದ್ದೇನೆ. ನಟನೊಬ್ಬನ ಅಸಲಿ ಸಾಧನೆಯನ್ನು ಕತೆ ಅಡ್ಡಬರದೆ ತೋರಿಸಿದ್ದು ಅದರ ಹೆಚ್ಚುಗಾರಿಕೆ.

ಆದರೆ ರಾಜ್ ನಟರು. ಹೆನಿಯ ಹಾಗೆ ಮೈದಾನದಿಂದಲೇ ನೇರ ತೆರೆಗೆ ಬಂದ ಕನ್ನಡನಾಡಿನ ಚಾಂಪಿಯನ್ ಯಾರು? ಅಶ್ವಿನಿ ನಾಚಪ್ಪ. ಕೊಡಗಿನ ಓಟಗಾರ್ತಿ, 1988ರಲ್ಲಿ ಅರ್ಜುನ ಪ್ರಶಸ್ತಿ, ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿ ದೇಶದ ಪತ್ರಿಕೆಗಳ ಮೊದಲ ಪುಟಕ್ಕೆ ಬಂದವರು. ಟ್ರ್ಯಾಕಿನ ಮೇಲೆ ಅವರ ಉಡುಪೂ ಸುದ್ದಿಯಾಗಿತ್ತು, ಹೆನಿಯ ಲಂಗದ ಹಾಗೆ. ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೆ ಹೋಲಿಸಿ ಬರೆದರು. 1991ರಲ್ಲಿ ಅವರನ್ನೇ ನಾಯಕಿಯಾಗಿಸಿ, ಅವರ ಹೆಸರನ್ನೇ ಇಟ್ಟು ‘ಅಶ್ವಿನಿ’ ಎಂಬ ಚಿತ್ರ ಬಂತು. ನಿರ್ದೇಶನ ಮೌಳಿ, ನಿರ್ಮಾಣ ರಾಮೋಜಿ ರಾವ್ ಅವರ ಉಷಾಕಿರಣ್ ಮೂವೀಸ್, ಜೊತೆಗೆ ಭಾನುಚಂದರ್. ಭಾಷೆ ಮಾತ್ರ ತೆಲುಗು.

ಈ ಕೊನೆಯ ಮಾತು ನನ್ನನ್ನು ಚುಚ್ಚುತ್ತದೆ. ಕೊಡಗಿನ ಹುಡುಗಿಯ ಓಟವನ್ನು ಅವಳ ಕಾಲಿನಿಂದಲೇ ತೆರೆಗೆ ತರಬೇಕೆಂದು ಹೊಳೆದದ್ದು ಹೈದರಾಬಾದಿಗೆ, ನಮಗಲ್ಲ. ಆ ಚಿತ್ರವನ್ನು ನೀವು ಮೈದಾನದ ಕಣ್ಣಿನಿಂದ ನೋಡಬೇಕು. ಓಡುವಾಗ ಆಕೆಯ ಮೊಣಕಾಲು ಎಷ್ಟು ಮೇಲೆ ಬರುತ್ತದೆ, ಹಿಮ್ಮಡಿ ನೆಲ ಮುಟ್ಟದೆ ಮುಂಗಾಲಿನ ಮೇಲೇ ಓಟ ಹೇಗೆ ಸಾಗುತ್ತದೆ, ಕತ್ತು ಬಿಗಿಯಾಗದೆ ಭುಜ ಹೇಗೆ ಸಡಿಲವಾಗಿರುತ್ತದೆ, ಇದನ್ನು ಯಾವ ನಟಿಗೂ ಆರು ತಿಂಗಳಲ್ಲಿ ಕಲಿಸಲಾಗದು. ಅಶ್ವಿನಿಯವರು ಮುಂದೆ ಗೋಣಿಕೊಪ್ಪದಲ್ಲಿ ಕುಟುಂಬದವರೊಂದಿಗೆ ಶಾಲೆ ಕಟ್ಟಿ ಮಕ್ಕಳಿಗೆ ಪಾಠದ ಜೊತೆ ಆಟವನ್ನೂ ಕಲಿಸುವ ಕೆಲಸಕ್ಕೆ ತೊಡಗಿದರು. ನನ್ನ ಮಟ್ಟಿಗೆ ಅದು ಸಿನಿಮಾಕ್ಕಿಂತ ದೊಡ್ಡ ಕೆಲಸ.

ಈಚಿನ ದಾರಿ ಬೇರೆ. ಓಟಗಾರ ಮಿಲ್ಖಾ ಸಿಂಗ್ ಬದುಕಿನ ಮೇಲೆ 2013ರಲ್ಲಿ, ಬಾಕ್ಸರ್ ಮೇರಿ ಕೋಮ್ ಮೇಲೆ 2014ರಲ್ಲಿ, ಕ್ರಿಕೆಟಿಗ ಧೋನಿ ಮೇಲೆ 2016ರಲ್ಲಿ ಹಿಂದಿ ಚಿತ್ರಗಳು ಬಂದವು. ನಟರು ತಿಂಗಳುಗಟ್ಟಲೆ ಬೆವರು ಹರಿಸಿ ಮೈ ಕಟ್ಟಿದರು, ಅವರ ಶ್ರಮಕ್ಕೆ ನನ್ನ ನಮಸ್ಕಾರ. ಆದರೂ ಮೇರಿ ಕೋಮ್ ಇನ್ನೂ ರಿಂಗಿನಲ್ಲಿದ್ದಾಗಲೇ ಅವರ ಪಾತ್ರವನ್ನು ಬೇರೊಬ್ಬರು ಮಾಡಿದರು ಎಂಬುದನ್ನು ಯೋಚಿಸಿ. ಆ ಚಿತ್ರದಲ್ಲಿ ಮೇರಿಯ ಕತೆ ಇದೆ, ಮೇರಿಯ ಎಡಗೈ ಏಟು ಇಲ್ಲ. ಕತೆಯನ್ನು ಯಾರು ಬೇಕಾದರೂ ಎಂದು ಬೇಕಾದರೂ ಹೇಳಬಹುದು, ಆ ಏಟು ಅವರ ಮೈ ಜೊತೆಗೇ ಮುಗಿಯುತ್ತದೆ. 1930, 40ರ ದಶಕಗಳ ಹಾಲಿವುಡ್ ತನ್ನೆಲ್ಲ ಲಾಭಬಡುಕತನದ ನಡುವೆಯೂ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಈಜುಗಾರ ಜಾನಿ ವೈಸ್‌ಮುಲ್ಲರ್, ಒಲಿಂಪಿಕ್ಸ್‌ನಲ್ಲಿ ಈಜಿಗೆ ಐದು ಚಿನ್ನ ಗೆದ್ದವರು, ಟಾರ್ಜನ್ ಆದರು. ಯುದ್ಧದಿಂದಾಗಿ 1940ರ ಒಲಿಂಪಿಕ್ಸ್ ರದ್ದಾದಾಗ ಅವಕಾಶ ತಪ್ಪಿಹೋದ ಈಜುಗಾರ್ತಿ ಎಸ್ತರ್ ವಿಲಿಯಮ್ಸ್‌ಗೆ ಕೊಳದ ಸುತ್ತಲೇ ಕತೆ ಹೆಣೆದರು. ಕತೆಗಳು ತೆಳು, ಈಜು ಅಸಲಿ.

ನಮ್ಮ ಕೋಟೆಯ ವಿಷಯ ಬಾಕಿ ಉಳಿಸಿಕೊಂಡಿದ್ದೆ. ಕೋತಿರಾಜ ಎಂದೇ ನಾಡು ಕರೆಯುವ ಜ್ಯೋತಿರಾಜ್ ಅವರನ್ನು ಇಲ್ಲಿ ನೋಡದವರು ಯಾರು? ಹಗ್ಗವಿಲ್ಲ, ಕೊಕ್ಕೆಯಿಲ್ಲ. ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ಕಣಶಿಲೆಯ ಗೋಡೆ. ಎರಡು ಕಲ್ಲುಗಳ ಸಂದಿಗೆ ನಾಲ್ಕು ಬೆರಳಿನ ತುದಿ ಸೇರಿಸಿ, ಬೆಣೆ ಹೊಡೆದ ಹಳೆಯ ಗುಳಿಯೊಂದರಲ್ಲಿ ಹೆಬ್ಬೆರಳೂರಿ, ಸೊಂಟವನ್ನು ಗೋಡೆಗೆ ಅಂಟಿಸಿ ಮೇಲೇರುತ್ತಾರೆ. ಕೆಳಗಿಂದ ನೋಡುವವರಿಗೆ ಅವರ ತೋಳು ಕಾಣುತ್ತದೆ, ಆದರೆ ಕೆಲಸ ಮಾಡುವುದು ಹೆಚ್ಚಾಗಿ ಕಾಲು. ತೋಳಿನ ಬಲದಲ್ಲಿ ಏರುವವನು ಅರ್ಧದಲ್ಲೇ ದಣಿಯುತ್ತಾನೆ. ಅವರನ್ನೇ ನಾಯಕನಾಗಿಸಿ ‘ಜ್ಯೋತಿ ಅಲಿಯಾಸ್ ಕೋತಿರಾಜ್’ ಎಂಬ ಕನ್ನಡ ಚಿತ್ರವೂ ಬಂತು. ಹತ್ತುವವನ ಪಾತ್ರಕ್ಕೆ ಹತ್ತುವವನನ್ನೇ ಕರೆದದ್ದಕ್ಕೆ ಆ ಚಿತ್ರ ಮಾಡಿದವರಿಗೆ ನಾನು ಕೃತಜ್ಞ. ಹೆನಿಯ ಸಾಲಿಗೆ ಸೇರುವ ಕನ್ನಡದ ಉದಾಹರಣೆ ಈ ನಮ್ಮ ಗೋಡೆಯ ಮೇಲೆಯೇ ಇದೆ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳ ಕೈಯಲ್ಲಿ ಕ್ಯಾಮೆರಾ ಇದೆ. ನಿಮ್ಮ ಊರಿನ ಜಾತ್ರೆಯಲ್ಲಿ ಕುಸ್ತಿ ಆಡುವವರು, ಖೋಖೋ ಕಂಬದ ಬಳಿ ಮಿಂಚಿನಂತೆ ತಿರುಗುವ ಹುಡುಗಿಯರು, ಗರಡಿಯಲ್ಲಿ ಗದೆ ತಿರುಗಿಸುವ ಹಿರಿಯರು ಇದ್ದಾರೆ. ಅವರನ್ನು ಚಿತ್ರಿಸುವಾಗ ಹಿಂದೆ ಸರಿದು ನಿಲ್ಲಿ. ಪಾದದಿಂದ ತಲೆಯವರೆಗೆ ಚೌಕಟ್ಟಿನಲ್ಲಿರಲಿ. ನಿಧಾನಗತಿ ಬೇಡ, ಹಿನ್ನೆಲೆ ಸಂಗೀತವೂ ಬೇಡ. ಒಂದು ಪಟ್ಟು ಪೂರ್ತಿ ಮುಗಿಯುವವರೆಗೆ ನಿಲ್ಲಿಸುವ ಗುಂಡಿ ಒತ್ತಬೇಡಿ. ಹೆಸರು, ಊರು, ದಿನಾಂಕ ಬರೆದಿಡಿ, ಗ್ರೆಚೆನ್ ಫ್ರೇಸರ್‌ಗೆ ಆದ ಅನ್ಯಾಯ ಅ‌ವರಿಗೆ ಆಗದಿರಲಿ.

ಈಗ ಸಂಘಟಕರು ‘ಸನ್ ವ್ಯಾಲಿ ಸೆರೆನೇಡ್’ ಚಿತ್ರದ ಕೊನೆಯ ಭಾಗವನ್ನು ತೋರಿಸುತ್ತಾರೆ. ನೋಡುವಾಗ ಹೆನಿಯ ನಗುವಿಗೆ ಮರುಳಾಗಬೇಡಿ, ಅದು ಪ್ರತಿ ಸ್ಕೇಟರ್ ಕಲಿತಿರುವ ನಗು. ಊರಿದ ಕಾಲಿನ ಮೊಣಕಾಲನ್ನು ನೋಡಿ. ಜಿಗಿದು ಇಳಿಯುವಾಗ ಅದು ಎಷ್ಟು ಬಾಗುತ್ತದೆ, ಬಾಗಿ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಎಂದು ಗಮನಿಸಿ. ಗಿರಕಿ ಮುಗಿದ ಮೇಲೆ ಹೊರಬರುವ ಗೆರೆ ಬಲಕ್ಕೆ ಬಾಗಿತೋ ಎಡಕ್ಕೋ ನೋಡಿಕೊಳ್ಳಿ. ದೀಪ ಹಾಕಿದ ಮೇಲೆ ಮುಂದಿನ ಸಾಲಿನ ಮಕ್ಕಳನ್ನು ಕೇಳುತ್ತೇನೆ.